ಟ್ಯಾಂಕಿಗೂ ಬ್ಯಾಟರಿಗೂ ಜಗಳ: ಎಲೆಕ್ಟ್ರಿಕ್ ರೇಸಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರೇಸ್ ನೋಡುವ ಹುಚ್ಚು ಹತ್ತಿಸಿಕೊಂಡು ಎರಡು ದಶಕದ ಮೇಲಾಯಿತು. ಮೊದಲೆಲ್ಲ ಜನ ನನ್ನನ್ನು ಕೇಳುತ್ತಿದ್ದುದು ಶೂಮಾಕರ್ ದೊಡ್ಡವನೋ ಸೆನ್ನಾ ದೊಡ್ಡವನೋ ಅಂತ. ಈಗ ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದವರದು ಒಂದೇ ಪ್ರಶ್ನೆ: "ಎಲ್ಲಾ ಕರೆಂಟ್ ಕಾರಾದ ಮೇಲೆ ರೇಸ್ ಗತಿ ಏನ್ರಿ?" ಸಾರು ಬಡಿಸಿ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಹಾಗಾಗಿ ಬಂದ ಪ್ರಶ್ನೆಗಳನ್ನೆಲ್ಲ ಒಂದೆಡೆ ಸೇರಿಸಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗೆ ಎಲ್ಲೆಲ್ಲಿ "ಯೂನಿಟ್" ಅಂದಿದ್ದೇನೋ ಅದು ನಿಮ್ಮ ಮನೆ ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ, ಒಂದು ಕಿಲೋವ್ಯಾಟ್ ಗಂಟೆ. ಈ ಅಳತೆ ತಲೆಯಲ್ಲಿದ್ದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಎಲೆಕ್ಟ್ರಿಕ್ ಕಾರು ಪೆಟ್ರೋಲ್ ಕಾರಿಗಿಂತ ಜೋರು ಅಂತಾರಲ್ಲ, ನಿಜವೇ?

ಎಷ್ಟು ದೂರಕ್ಕೆ ಅಂತ ಮೊದಲು ಹೇಳಿ. ನೂರಿನ್ನೂರು ಮೀಟರಿಗಾದರೆ ನಿಜ. ಫಾರ್ಮುಲಾ ಇ ಅಂದರೆ ಬರೀ ಎಲೆಕ್ಟ್ರಿಕ್ ಕಾರುಗಳ ವಿಶ್ವ ರೇಸ್ ಸರಣಿ. ಅದರ ಈಗಿನ ಕಾರು, ಅಂದರೆ ಮೂರನೇ ತಲೆಮಾರಿನ ಜೆನ್3 ಇವೊ, ನಿಂತಲ್ಲಿಂದ 96 ಕಿ.ಮೀ. ವೇಗ ಮುಟ್ಟಲು ತೆಗೆದುಕೊಳ್ಳುವುದು 1.82 ಸೆಕೆಂಡ್. ಅಷ್ಟರಲ್ಲಿ ಎಫ್1, ಅಂದರೆ ಫಾರ್ಮುಲಾ 1 ರೇಸ್ ಕಾರು, ಇನ್ನೂ ಹಿಂದಿರುತ್ತದೆ. ಹೊಲದ ಪಂಪ್‌ಸೆಟ್ ನೋಡಿದವರಿಗೆ ಇದು ಅರ್ಥವಾಗುವುದು ಕಷ್ಟವಲ್ಲ: ಸ್ವಿಚ್ ಒತ್ತಿದ ಕೂಡಲೇ ಮೋಟಾರ್ ಎಳೆಯಲು ಶುರು. ಟ್ರ್ಯಾಕ್ಟರಾದರೆ ಸ್ಟಾರ್ಟ್ ಮಾಡಿ, ಗೇರಿಗೆ ಹಾಕಿ, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಒತ್ತಿ ಎಳೆಸಬೇಕು.

ಒಂದು ಪೂರ್ತಿ ಲ್ಯಾಪ್ ಅಂದರೆ ಕಥೆ ತಿರುಗುತ್ತದೆ. ಮೊನಾಕೊದಲ್ಲಿ ಎರಡೂ ಕಾರುಗಳು ಹೆಚ್ಚುಕಮ್ಮಿ ಅದೇ ಬೀದಿಗಳಲ್ಲಿ ಓಡುತ್ತವೆ. ಅಲ್ಲಿ ಎಫ್1 ಕಾರು ಕ್ವಾಲಿಫೈಯಿಂಗ್‌ನಲ್ಲಿ ಒಂದು ನಿಮಿಷ 10 ಸೆಕೆಂಡಿನ ಆಸುಪಾಸಿನಲ್ಲಿ ಸುತ್ತು ಮುಗಿಸಿದರೆ, ಫಾರ್ಮುಲಾ ಇ ಕಾರಿಗೆ ಒಂದೂವರೆ ನಿಮಿಷದ ಹತ್ತಿರ ಬೇಕು. ಒಂದೂವರೆ ಗಂಟೆಯ ರೇಸ್ ಅಂತ ಇಟ್ಟರಂತೂ ಎಲೆಕ್ಟ್ರಿಕ್ ಕಾರು ಮಧ್ಯದಾರಿಯಲ್ಲೇ ನಿಲ್ಲುತ್ತದೆ.

ನೇರ ರಸ್ತೆಯ ಗರಿಷ್ಠ ವೇಗದಲ್ಲೂ ಪೆಟ್ರೋಲಿಗೆ ಮೊದಲಿನ ಜಂಬ ಉಳಿದಿಲ್ಲ. ಪೆಟ್ರೋಲ್ ಕಾರು ಬುಗಾಟಿ ಶಿರಾನ್ 2019ರಲ್ಲಿ 490.48 ಕಿ.ಮೀ. ಮುಟ್ಟಿತ್ತು. 2025ರ ಸೆಪ್ಟೆಂಬರಿನಲ್ಲಿ ಚೀನಾದ ಬಿವೈಡಿ ಕಂಪನಿಯ ಎಲೆಕ್ಟ್ರಿಕ್ ಕಾರು ಯಾಂಗ್‌ವಾಂಗ್ ಯು9 ಜರ್ಮನಿಯ ಟ್ರ್ಯಾಕಿನಲ್ಲಿ 496.22 ಓಡಿತು.

ಹಾಗಾದರೆ ಎಫ್1 ಕಾರಿಗೇ ದೊಡ್ಡ ಬ್ಯಾಟರಿ ಹಾಕಿದರಾಯಿತಲ್ಲ?

ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಪೇಪರ್ ನ್ಯಾಪ್‌ಕಿನ್ ಮೇಲೆ ಬರೆದು ತೋರಿಸುವ ಲೆಕ್ಕ ಒಂದಿದೆ.

2014ರಲ್ಲಿ ಹೊಸ ಹೈಬ್ರಿಡ್ ಎಂಜಿನ್ (ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುವಂಥದ್ದು) ಬಂದಾಗ ಎಫ್1 ರೇಸೊಂದಕ್ಕೆ ನಿಗದಿಯಾದ ಪೆಟ್ರೋಲ್ 100 ಕೆ.ಜಿ. ಒಂದು ಕೆ.ಜಿ. ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿ ಇರುತ್ತದೆ. ಒಟ್ಟು 1,200 ಯೂನಿಟ್ ಆಯಿತು. ಅದರಲ್ಲಿ ಅರ್ಧ ಬಿಸಿಯಾಗಿ ಹಾಳಾಗಿ, ಇನ್ನರ್ಧ ಚಕ್ರಕ್ಕೆ ಸಿಕ್ಕಿತು ಅಂದುಕೊಳ್ಳಿ: 600 ಯೂನಿಟ್. ನಮ್ಮ ಗೃಹಜ್ಯೋತಿಯ 200 ಯೂನಿಟ್ ಮಿತಿಯಲ್ಲಿ ಒಂದು ಮನೆಯ ಮೂರು ತಿಂಗಳ ಕರೆಂಟು. ಅದನ್ನು ಒಬ್ಬ ಡ್ರೈವರ್ ಒಂದೂವರೆ ಗಂಟೆಯಲ್ಲಿ ಮುಗಿಸುತ್ತಾನೆ.

ಈಗ ಅಷ್ಟನ್ನೂ ಬ್ಯಾಟರಿಯಲ್ಲಿ ತುಂಬಬೇಕು. ಪ್ಯಾಕ್ ಒಳ್ಳೆಯದೇ ಅಂತಿಟ್ಟುಕೊಂಡು ಕೆ.ಜಿ.ಗೆ 0.2 ಯೂನಿಟ್ ಹಿಡಿಯೋಣ. 600 ಯೂನಿಟ್‌ಗೆ 3,000 ಕೆ.ಜಿ. ಬ್ರೇಕ್ ಹಾಕುವಾಗ ಶಕ್ತಿ ವಾಪಸ್ ಬರುತ್ತಲ್ಲ ಅಂತ ನೀವು ವಾದ ಮಾಡಿದರೆ, ಆಗಲಿ, ಧಾರಾಳವಾಗಿ ಅರ್ಧಕ್ಕರ್ಧ ಕಳೆಯುತ್ತೇನೆ. ಆದರೂ ಒಂದೂವರೆ ಟನ್. 2025ರ ಎಫ್1 ಕಾರಿನ ಕನಿಷ್ಠ ತೂಕವೇ ಡ್ರೈವರ್ ಸೇರಿ 800 ಕೆ.ಜಿ. ಮಗುವಿಗಿಂತ ತೊಟ್ಟಿಲು ಭಾರ ಅನ್ನುವ ಹಾಗಾಯಿತು. ಆ ತೂಕ ಹೊತ್ತರೆ ಅದನ್ನು ಓಡಿಸಲು ಇನ್ನಷ್ಟು ಶಕ್ತಿ ಬೇಕು, ಅದಕ್ಕೆ ಇನ್ನಷ್ಟು ಬ್ಯಾಟರಿ ಬೇಕು. ಮೇಲಾಗಿ ಪೆಟ್ರೋಲ್ ಟ್ಯಾಂಕ್ ಓಡಿದಷ್ಟೂ ಹಗುರಾಗುತ್ತದೆ. ಬ್ಯಾಟರಿ ಖಾಲಿಯಾದ ಮೇಲೂ ಅಷ್ಟೇ ಭಾರ.

ಹಾಗೆ ನೋಡಿದರೆ ಮೋಟಾರಿಗೂ ಎಂಜಿನ್‌ಗೂ ಸ್ಪರ್ಧೆ ಇಟ್ಟರೆ ಮೋಟಾರೇ ಗೆಲ್ಲುತ್ತದೆ. ಅದು ಚಿಕ್ಕದು, ಹಗುರ, ಕೊಟ್ಟ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಚಕ್ರಕ್ಕೆ ಮುಟ್ಟಿಸುತ್ತದೆ. ಸೋಲುತ್ತಿರುವುದು ಮೋಟಾರಿನ ಬೆನ್ನ ಮೇಲಿನ ಮೂಟೆ. ಜಗಳ ಟ್ಯಾಂಕಿಗೂ ಬ್ಯಾಟರಿಗೂ.

ಎಲೆಕ್ಟ್ರಿಕ್ ಕಾರು ಪೆಟ್ರೋಲ್ ಕಾರನ್ನು ಸೀದಾ ಸೋಲಿಸಿದ ರೇಸ್ ಒಂದಾದರೂ ಇದೆಯೇ?

ಇದೆ, ಅದೂ ಎಂಥ ಜಾಗದಲ್ಲಿ! ಅಮೆರಿಕದ ಕೊಲರಾಡೊದಲ್ಲಿ ಪೈಕ್ಸ್ ಪೀಕ್ ಅಂತ ಬೆಟ್ಟವಿದೆ. 20 ಕಿ.ಮೀ.ಗೆ ಒಂದು ಕೂದಲೆಳೆ ಕಡಿಮೆ ರಸ್ತೆ, 156 ತಿರುವು, ಕೊನೆ ಮುಟ್ಟುವುದು 4,302 ಮೀಟರ್ ಎತ್ತರಕ್ಕೆ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಅಷ್ಟೆತ್ತರ ಆಗುವುದಿಲ್ಲ. ಅಲ್ಲಿ ಗಾಳಿ ತೆಳು. ಪೆಟ್ರೋಲ್ ಎಂಜಿನ್‌ಗೆ ಉರಿಯಲು ಗಾಳಿ ಬೇಕು, ಹತ್ತಿದಷ್ಟೂ ಅದಕ್ಕೆ ಏದುಸಿರು. ಮೋಟಾರಿಗೆ ಗಾಳಿಯ ಹಂಗಿಲ್ಲ.

2013ರಲ್ಲಿ ಸೆಬಾಸ್ಟಿಯನ್ ಲೋಬ್ 875 ಅಶ್ವಶಕ್ತಿಯ ಪೂಜೊ ಕಾರಿನಲ್ಲಿ 8 ನಿಮಿಷ 13.878 ಸೆಕೆಂಡಿನ ದಾಖಲೆ ಬರೆದಿದ್ದರು. 2018ರ ಜೂನ್ 24ರಂದು ರೊಮೈನ್ ದುಮಾ ಫೋಕ್ಸ್‌ವ್ಯಾಗನ್‌ನ ಎಲೆಕ್ಟ್ರಿಕ್ ಕಾರು ಐಡಿ.ಆರ್ ಹತ್ತಿ 7 ನಿಮಿಷ 57.148 ಸೆಕೆಂಡಿನಲ್ಲಿ ತುದಿ ಮುಟ್ಟಿದರು. ಕಾರಿನ ಶಕ್ತಿ 680 ಅಶ್ವಶಕ್ತಿ, ಪೂಜೊಗಿಂತ ಸುಮಾರು 200 ಕಡಿಮೆ.

ಗಮನಿಸಿ, ಓಟ ಎಂಟು ನಿಮಿಷದ್ದು. ಅಷ್ಟು ಹೊತ್ತಿಗಾದರೆ ಚಿಕ್ಕ ಬ್ಯಾಟರಿ ಸಾಕು. ಅದೇ ಐಡಿ.ಆರ್ ಮರುವರ್ಷ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ 6 ನಿಮಿಷ 5.336 ಸೆಕೆಂಡಿನಲ್ಲಿ ಸುತ್ತು ಮುಗಿಸಿತು. ಆಗ ಎಲೆಕ್ಟ್ರಿಕ್ ಕಾರುಗಳಲ್ಲಿ ಅದೇ ಅತಿ ವೇಗದ ಸುತ್ತು, ಆದರೆ ಪೋರ್ಶೆಯ 919 ಇವೊ ಹೈಬ್ರಿಡ್ ಅದಕ್ಕೂ ಮುನ್ನವೇ 5 ನಿಮಿಷ 19 ಸೆಕೆಂಡಿನಲ್ಲಿ ಮುಗಿಸಿ ಕೂತಿತ್ತು.

ಇದೆಲ್ಲ ಹೊಸ ಕಾಲದ ಹುಚ್ಚಲ್ಲವೇ?

ಅಲ್ಲ. ಗಂಟೆಗೆ 100 ಕಿ.ಮೀ. ದಾಟಿದ ಮೊಟ್ಟಮೊದಲ ಕಾರೇ ಎಲೆಕ್ಟ್ರಿಕ್. 1899ರ ಏಪ್ರಿಲ್ 29ರಂದು ಪ್ಯಾರಿಸ್ ಹತ್ತಿರದ ಅಶೇರ್‌ನಲ್ಲಿ ಬೆಲ್ಜಿಯಂನ ಕಾಮಿಲ್ ಜೆನಾಟ್ಸಿ 105.88 ಕಿ.ಮೀ. ಓಡಿಸಿದ. ಕಾರಿನ ಮೈ ಟಾರ್ಪೆಡೊ ಆಕಾರದ್ದು, ಆದರೆ ಡ್ರೈವರ್ ಮಾತ್ರ ಎತ್ತಿನಗಾಡಿ ಹೊಡೆಯುವವನ ಹಾಗೆ ಅದರ ಮೇಲೆ ಸೊಂಟದಿಂದ ಮೇಲಕ್ಕೆ ಎದ್ದು ಕೂತಿದ್ದ. ಗಾಳಿ ಸೀಳಲೆಂದು ಅಷ್ಟು ಕಷ್ಟಪಟ್ಟು ಮಾಡಿದ ಆಕಾರ ಅಲ್ಲಿಗೇ ವ್ಯರ್ಥ. ಫ್ರೆಂಚಿನಲ್ಲಿ ಕಾರಿನ ಹೆಸರಿನ ಅರ್ಥ "ಎಂದೂ ತೃಪ್ತಿಯಿಲ್ಲದವಳು".

ಮೂರು ವರ್ಷ ಆ ದಾಖಲೆ ನಿಂತಿತು. 1902ರಲ್ಲಿ ಅದನ್ನು ಮುರಿದದ್ದು ಪೆಟ್ರೋಲ್ ಅಂದುಕೊಂಡಿರೋ? ಹಬೆಯಲ್ಲಿ ಓಡುವ ಕಾರು. ಪೆಟ್ರೋಲಿನ ಸರದಿ ಬಂದದ್ದು ಆಮೇಲೆ. ಬ್ಯಾಟರಿ ಅವತ್ತು ಸೋತದ್ದಕ್ಕೂ ಕಾರಣ ಅದೇ ಮೂಟೆಯ ಭಾರ.

ಫಾರ್ಮುಲಾ ಇ ನೋಡಿದರೆ ಎಲ್ಲರೂ ನಿಧಾನಕ್ಕೆ ಹೋಗುವ ಹಾಗಿರುತ್ತೆ. ಇದೆಂಥ ರೇಸ್?

ನಿಮ್ಮ ಕಣ್ಣು ಸರಿಯಾಗೇ ಇದೆ. ಕೆಲವು ಟ್ರ್ಯಾಕುಗಳಲ್ಲಿ ಅರ್ಧ ರೇಸ್ ತನಕ ಮುಂದೆ ಹೋಗುವುದೇ ಯಾರಿಗೂ ಬೇಡ. ಮುಂದಿರುವವನು ಗಾಳಿ ಸೀಳಬೇಕು, ಅವನ ಬ್ಯಾಟರಿ ಬೇಗ ಇಳಿಯುತ್ತದೆ. ಹಿಂದಿರುವವನು ಅವನ ನೆರಳಲ್ಲಿ ಚಾರ್ಜ್ ಉಳಿಸಿಕೊಳ್ಳುತ್ತಾನೆ. ಸೈಕಲ್ ರೇಸ್ ನೋಡಿದವರಿಗೆ ಇದು ಗೊತ್ತು.

ಜೆನ್3 ಕಾರಿನ ಬ್ಯಾಟರಿಯಲ್ಲಿ ಬಳಸಲು ಸಿಗುವುದು 38.5 ಯೂನಿಟ್. ಸಾಮಾನ್ಯ ಎಲೆಕ್ಟ್ರಿಕ್ ಕಾರಿನಲ್ಲೂ ಇರುವಂಥದ್ದೇ. ರೇಸ್ ಮುಗಿಸಲು ಅದು ಸಾಲದು, ಸಾಲಬಾರದು ಅಂತಲೇ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ಉಳಿದದ್ದನ್ನು ಡ್ರೈವರ್ ಬ್ರೇಕ್ ಹಾಕುತ್ತಾ ದುಡಿಯಬೇಕು. ಬಳಸುವ ಶಕ್ತಿಯಲ್ಲಿ ನೂರಕ್ಕೆ 40ರಷ್ಟಾದರೂ ಹಾಗೆ ಬ್ರೇಕಿನಿಂದ ಬರುತ್ತದೆ. ಈ ಕಾರಿನ ಹಿಂದಿನ ಚಕ್ರಗಳಿಗೆ ಮಾಮೂಲಿ ಹೈಡ್ರಾಲಿಕ್ ಬ್ರೇಕನ್ನೇ ಇಡದೆ ವಿನ್ಯಾಸ ಮಾಡಿದ್ದರು. ಮೋಟಾರೇ ಡೈನಮೋ ಆಗಿ ಕಾರನ್ನು ನಿಲ್ಲಿಸುತ್ತದೆ. ಡ್ರೈವರುಗಳಿಗೆ ಎದೆ ಹೊಡೆದುಕೊಂಡದ್ದರಿಂದ ಆಮೇಲೆ ತುರ್ತಿಗೆಂದು ಒಂದು ಬ್ರೇಕ್ ಸೇರಿಸಿದರು.

ಹೈದರಾಬಾದಿನ ರೇಸಿಗೆ ನಾನು ಹೋಗಿದ್ದೆ. 2023ರ ಫೆಬ್ರುವರಿ 11, ಹುಸೇನ್ ಸಾಗರದ ದಂಡೆ. ಬೇಲಿಯ ಪಕ್ಕ ನಿಂತು ನೋಡಿದ ಮೊದಲ ಅರ್ಧ ಗಂಟೆ ಏನೂ ಅರ್ಥವಾಗಲಿಲ್ಲ. ಕಾರುಗಳು ಸುಂಯ್ ಅಂತ ಹೋಗುತ್ತಿದ್ದವು, ಅಷ್ಟೇ. ಆಮೇಲೆ ದೊಡ್ಡ ಪರದೆ ಕಾಣುವ ಕಡೆ ಸರಿದೆ. ಅಲ್ಲಿ ಹೆಸರಿನ ಪಕ್ಕ ಬ್ಯಾಟರಿಯ ಅಂಕಿ. ಮುಂದಿದ್ದ ಜಾನ್ ಎರಿಕ್ ವೆರ್ನ್ ಬಳಿ ಹಿಂದೆ ಅಂಟಿಕೊಂಡಿದ್ದ ನಿಕ್ ಕ್ಯಾಸಿಡಿಗಿಂತ ಕಡಿಮೆ ಚಾರ್ಜ್. ಕ್ಯಾಸಿಡಿ ಬಲಕ್ಕೆ ಬಂದರೆ ಇವರು ಬಲಕ್ಕೆ, ಎಡಕ್ಕೆ ಬಂದರೆ ಎಡಕ್ಕೆ. ತಡೆಯಲು ಜೋರಾಗಿ ಓಡಬೇಕು, ಓಡಿದರೆ ಚಾರ್ಜ್ ಮುಗಿಯುತ್ತದೆ. ತಿಂಗಳ ಕೊನೆಯಲ್ಲಿ ನೆಂಟರು ಬಂದ ಮನೆಯ ಹಾಗೆ. ಕೊನೆಯ ತಿರುವು ದಾಟಿ ವೆರ್ನ್ ಗೆದ್ದಾಗ ನನ್ನ ಪಕ್ಕ ನಿಂತಿದ್ದ ಅಪರಿಚಿತ ತೆಲುಗಿನಲ್ಲಿ ಕೂಗಿದ, ನಾನು ಕನ್ನಡದಲ್ಲಿ ಕೂಗಿದೆ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಅಂತ ನೋಡಬೇಕಿದ್ದರೆ 2021ರ ಏಪ್ರಿಲ್‌ನ ವೆಲೆನ್ಸಿಯಾ ರೇಸ್ ಹುಡುಕಿ. ಆಗ ರೇಸಿಗೆ ಲ್ಯಾಪ್ ಲೆಕ್ಕ ಇರಲಿಲ್ಲ, 45 ನಿಮಿಷ ಮತ್ತು ಒಂದು ಲ್ಯಾಪ್ ಅಂತ ಇತ್ತು. ಅವಘಡವಾದಾಗ ಎಲ್ಲರನ್ನೂ ನಿಧಾನಗೊಳಿಸುವ ಸೇಫ್ಟಿ ಕಾರು ಮತ್ತೆ ಮತ್ತೆ ಬಂತು, ಪ್ರತಿ ಸಲ ನಿಯಮದಂತೆ ಎಲ್ಲರ ಬ್ಯಾಟರಿಯಿಂದ ಇಷ್ಟಿಷ್ಟು ಶಕ್ತಿ ಕಡಿತ. ಸಮಯ ಮುಗಿಯಲು ಕೆಲವೇ ಸೆಕೆಂಡ್ ಇದೆ ಅನ್ನುವಾಗ ಮುಂದಿದ್ದ ಅಂತೋನಿಯೊ ಫೆಲಿಕ್ಸ್ ದ ಕೋಸ್ಟಾ ಗೆರೆ ದಾಟಿಬಿಟ್ಟರು. ಅಂದರೆ ಯಾರೂ ಎಣಿಸದ ಇನ್ನೊಂದು ಲ್ಯಾಪ್! ಕಾರುಗಳು ಒಂದೊಂದಾಗಿ ದಮ್ಮು ಕಟ್ಟಿ ನಿಂತವು, ಕೆಲವು ತೆವಳಿದವು. ನಿಕ್ ದ ಫ್ರೀಸ್ ಗೆದ್ದರು. ಜಗತ್ತು ನಕ್ಕಿತು. ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ. ಜೆನ್3 ಬಂದ ಮೇಲೆ ಲ್ಯಾಪ್ ಎಣಿಸುವ ಪದ್ಧತಿಗೆ ಬಂದರು.

ರೇಸ್ ಮಧ್ಯೆ ಕಾರನ್ನೇ ಬದಲಾಯಿಸುತ್ತಿದ್ದರಂತೆ?

ಹೌದು. 2014ರ ಸೆಪ್ಟೆಂಬರ್ 13ರಂದು ಬೀಜಿಂಗ್‌ನಲ್ಲಿ ಮೊದಲ ರೇಸ್ ನಡೆದಾಗ ಬಳಕೆಗೆ ಸಿಗುತ್ತಿದ್ದುದು 28 ಯೂನಿಟ್. ಅರ್ಧ ರೇಸಿಗೇ ಖಾಲಿ. ಡ್ರೈವರ್ ಪಿಟ್‌ಗೆ ಬಂದು, ಇಳಿದು, ಓಡಿ, ಚಾರ್ಜ್ ಆಗಿ ನಿಂತ ಇನ್ನೊಂದು ಕಾರು ಹತ್ತುತ್ತಿದ್ದ. ನಡುದಾರಿಯಲ್ಲಿ ಬಸ್ ಕೆಟ್ಟರೆ ಹಿಂದಿನ ಬಸ್ಸಿಗೆ ಹತ್ತಿಸುತ್ತಾರಲ್ಲ, ಹಾಗೆ. 2018ರ ಕೊನೆಗೆ ಬಂದ ಜೆನ್2 ಕಾರಿನಲ್ಲಿ 54 ಯೂನಿಟ್ ಇದ್ದುದರಿಂದ ಆ ಸರ್ಕಸ್ ನಿಂತಿತು.

2025ರಲ್ಲಿ ಪಿಟ್ ಬೂಸ್ಟ್ ಅಂತ ತಂದರು. 30 ಸೆಕೆಂಡ್ ನಿಂತರೆ 600 ಕಿಲೋವ್ಯಾಟ್ ಚಾರ್ಜರ್ 3.85 ಯೂನಿಟ್ ತುಂಬುತ್ತದೆ, ಬ್ಯಾಟರಿಯ ಹತ್ತರಲ್ಲೊಂದು ಪಾಲು. ಇಡೀ ಎಲೆಕ್ಟ್ರಿಕ್ ರೇಸಿಂಗಿನಲ್ಲಿ ನಾನು ಕಣ್ಣಿಟ್ಟು ಕಾಯುತ್ತಿರುವ ಸಂಗತಿ ಯಾವುದು ಅಂತ ಕೇಳಿದರೆ ಇದೇ. ದೊಡ್ಡ ಬ್ಯಾಟರಿ ಹೊರಲಾಗದಿದ್ದರೆ ಚಿಕ್ಕದನ್ನೇ ಬೇಗ ತುಂಬಿಸುವುದು ಇನ್ನೊಂದು ದಾರಿ.

ಸದ್ದೇ ಇಲ್ಲದ ರೇಸ್ ಯಾರು ನೋಡ್ತಾರೆ?

ಇದಕ್ಕೆ ತಾಂತ್ರಿಕ ಉತ್ತರ ಇಲ್ಲ, ನನ್ನ ಉತ್ತರ ಇದೆ. ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ರ‍್ಯಾಲಿ ನೋಡುವಾಗ ಕಾರು ಕಾಣುವುದಕ್ಕಿಂತ ಅರ್ಧ ನಿಮಿಷ ಮೊದಲೇ ಕಿವಿಗೆ ಬೀಳುತ್ತದೆ. ಸಿಲ್ವರ್ ಓಕ್ ಮರಗಳ ಆಚೆ ಎಲ್ಲೋ ಗೇರ್ ಇಳಿಸಿದ್ದು, ತಿರುವಲ್ಲಿ ಪಟಪಟ ಅಂದದ್ದು, ಮತ್ತೆ ಏರಿದ್ದು. ಆ ಅರ್ಧ ನಿಮಿಷವೇ ಹಬ್ಬ. ಕಾರು ಬಂದು ಧೂಳೆಬ್ಬಿಸಿ ಹೋಗುವುದು ಎರಡೇ ಸೆಕೆಂಡ್. ಅದನ್ನು ಎಲೆಕ್ಟ್ರಿಕ್ ಕಾರು ಕೊಡುವುದಿಲ್ಲ, ಕೊಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಸದ್ದು ಕಡಿಮೆಯಾಗಿದ್ದು ಬ್ಯಾಟರಿಯಿಂದಲೇ ಅನ್ನುವುದು ತಪ್ಪು. ಎಫ್1ರ ಹಳೆಯ ವಿ10, ಅಂದರೆ ಹತ್ತು ಸಿಲಿಂಡರಿನ, ಎಂಜಿನ್‌ಗಳು ನಿಮಿಷಕ್ಕೆ 19,000 ಸುತ್ತಿನ ಆಸುಪಾಸು ಕಿರುಚುತ್ತಿದ್ದವು. 2014ರಲ್ಲಿ 1.6 ಲೀಟರ್ ಟರ್ಬೊ ಬಂದಾಗ ಮಿತಿ 15,000ಕ್ಕೆ ಇಳಿಯಿತು, ಟರ್ಬೊ ಉಳಿದ ಸದ್ದನ್ನೂ ನುಂಗಿತು. ಆಸ್ಟ್ರೇಲಿಯಾದ ಮೊದಲ ರೇಸಿನಲ್ಲೇ ಜನ ಗೊಣಗಿದರು. ಅಂದರೆ ಪೆಟ್ರೋಲ್ ರೇಸ್ ತಾನಾಗಿಯೇ ದನಿ ತಗ್ಗಿಸಿಕೊಂಡದ್ದು.

ಇನ್ನೊಂದು ಕಡೆ, ಕಂಬಳದಲ್ಲಿ ಯಾವ ಎಂಜಿನ್ ಇದೆ? ಗದ್ದಲಕ್ಕೆ ಅಲ್ಲೇನಾದರೂ ಕೊರತೆಯೇ? ಎಂಜಿನ್ ಸುಮ್ಮನಾದರೆ ಜನರ ಕೂಗು, ಟೈರಿನ ಕೀರಲು, ಕಾರಿಗೆ ಕಾರು ಉಜ್ಜಿದ ಸದ್ದು ಕೇಳುತ್ತದೆ. ಮೇಲಾಗಿ ಊರಿನ ನಡುವೆ ರೇಸ್ ಇಡಲು ಸಾಧ್ಯವಾಗಿದ್ದೂ ಸದ್ದು ಕಡಿಮೆ ಇದ್ದುದಕ್ಕೇ.

ಎಫ್1ರಲ್ಲಿ 2026ರಿಂದ ಅರ್ಧ ಎಲೆಕ್ಟ್ರಿಕ್ ಅಂತಾರಲ್ಲ, ಏನದು?

ಹೈಬ್ರಿಡ್ ಎಫ್1ಗೆ ಮೊದಲು ಬಂದದ್ದು 2009ರಲ್ಲಿ. ಬ್ರೇಕಿನ ಶಕ್ತಿಯನ್ನು ಹಿಡಿದು ಮತ್ತೆ ಬಳಸುವ ಆ ವ್ಯವಸ್ಥೆಯನ್ನು ಕರ್ಸ್ ಅಂತ ಕರೆದರು, 60 ಕಿಲೋವ್ಯಾಟ್, ಲ್ಯಾಪಿಗೆ ಆರೇಳು ಸೆಕೆಂಡ್. 2014ರಲ್ಲಿ ಮೋಟಾರಿನ ಶಕ್ತಿ 120 ಕಿಲೋವ್ಯಾಟ್ ಆಯಿತು. 2026ರ ನಿಯಮದಲ್ಲಿ 350. ಎಂಜಿನ್‌ನ ಪಾಲು 400ರ ಹತ್ತಿರಕ್ಕೆ ಇಳಿದಿದೆ. ಅಲ್ಲಿಗೆ ಹೆಚ್ಚುಕಮ್ಮಿ ಅರ್ಧರ್ಧ.

ಕೇಳಲು ಚೆಂದ. ಈಗ ಬ್ಯಾಟರಿ ನೋಡಿ. ಒಮ್ಮೆಗೆ ಬಳಸಲು ಸಿಗುವುದು 4 ಮೆಗಾಜೂಲ್, ನಮ್ಮ ಲೆಕ್ಕದಲ್ಲಿ ಒಂದು ಯೂನಿಟ್‌ಗಿಂತ ಚೂರು ಜಾಸ್ತಿ. ಒಂದು ಗೀಸರ್ ಅರ್ಧ ಗಂಟೆಗೆ ತಿನ್ನುವಷ್ಟು. 350 ಕಿಲೋವ್ಯಾಟ್‌ನಲ್ಲಿ ಪೂರ್ತಿ ಒತ್ತಿದರೆ ಹನ್ನೊಂದು ಹನ್ನೆರಡು ಸೆಕೆಂಡಿಗೆ ಖಾಲಿ. ಆದ್ದರಿಂದ ಲ್ಯಾಪಿನುದ್ದಕ್ಕೂ ತುಂಬಿಸು, ಖಾಲಿ ಮಾಡು, ಮತ್ತೆ ತುಂಬಿಸು. ಉದ್ದ ನೇರ ರಸ್ತೆಯ ಕೊನೆಯಲ್ಲಿ ಎಂಜಿನ್ನೇ ಮೋಟಾರನ್ನು ತಿರುಗಿಸಿ ಬ್ಯಾಟರಿ ತುಂಬಿಸುವ ಪ್ರಸಂಗವೂ ಬರುತ್ತದೆ. ವೆಲೆನ್ಸಿಯಾ ನೋಡಿ ನಕ್ಕ ಎಫ್1 ಅಭಿಮಾನಿಗಳಿಗೆ ಈಗ ಅದೇ ಕಷ್ಟ ಸುತ್ತಿಕೊಂಡಿದೆ.

ಇದರ ಜೊತೆಗೆ ಎಂಜಿಯು-ಎಚ್ ಅನ್ನುವ ಭಾಗವನ್ನು ಕೈಬಿಟ್ಟರು. ಟರ್ಬೊಗೆ ಜೋಡಿಸಿದ ಚಿಕ್ಕ ಮೋಟಾರ್ ಅದು, ಹೊಗೆಯ ಬಿಸಿಯಲ್ಲಿ ಪೋಲಾಗುವ ಶಕ್ತಿಯನ್ನು ಹಿಡಿಯುತ್ತಿತ್ತು. ಅದರ ದೆಸೆಯಿಂದಲೇ 2017ರಲ್ಲಿ ಮರ್ಸಿಡಿಸ್ ತನ್ನ ಎಂಜಿನ್ ಪರೀಕ್ಷಾಲಯದಲ್ಲಿ ನೂರಕ್ಕೆ 50ರ ದಕ್ಷತೆ ದಾಟಿದೆ ಅಂತ ಹೇಳಿದ್ದು. ಅದ್ಭುತ ಯಂತ್ರ, ಆದರೆ ದುಬಾರಿ, ಮಾಡುವುದು ತಲೆನೋವು, ಹೊಸಬರು ಒಳಗೆ ಬರಲು ಹೆದರುತ್ತಿದ್ದರು. ತೆಗೆದ ಮೇಲೆ ಆಡಿ ಬಂತು, ರೆಡ್ ಬುಲ್ ಜೊತೆ ಫೋರ್ಡ್ ಬಂತು. ನನಗಂತೂ ಅದು ಹೋದದ್ದು ಬೇಸರವೇ.

ಹೊಸ ಎಫ್1 ಇಂಧನ ನಮ್ಮ ಇ20 ಪೆಟ್ರೋಲಿನ ಥರವೇ?

ಅಲ್ಲ. ಇ20 ಅಂದರೆ ನೆಲದಿಂದ ತೆಗೆದ ಪೆಟ್ರೋಲಿಗೆ ನೂರಕ್ಕೆ 20 ಎಥನಾಲ್ ಬೆರೆಸಿದ್ದು. ನಮ್ಮಲ್ಲಿ ಕಬ್ಬಿನಿಂದಲೂ ಬರುತ್ತದೆ, ಬೆಳಗಾವಿ ಕಡೆಯವರಿಗೆ ಹೇಳಬೇಕಾಗಿಲ್ಲ. ಎಫ್1 ಕೂಡ 2022ರಲ್ಲಿ ನೂರಕ್ಕೆ 10 ಎಥನಾಲ್ ಶುರು ಮಾಡಿತ್ತು. 2026ರದ್ದು ಪೂರ್ತಿ ಸುಸ್ಥಿರ ಇಂಧನ: ಆಹಾರಕ್ಕೆ ಬಾರದ ಸಸ್ಯತ್ಯಾಜ್ಯ, ಊರಿನ ಕಸ, ಹಿಡಿದಿಟ್ಟ ಇಂಗಾಲ ಇವುಗಳಿಂದ ಮಾಡಿದ್ದು. ಅಮೆರಿಕದ ಇಂಡಿಕಾರ್ 2023ರಲ್ಲೇ ಕಬ್ಬಿನ ತ್ಯಾಜ್ಯದ ಎಥನಾಲ್ ಆಧಾರದ ಇಂಧನಕ್ಕೆ ಬದಲಾಗಿದೆ.

ಕೊಳವೆಯಿಂದ ಹೊಗೆ ಬರುವುದೇನೂ ನಿಲ್ಲುವುದಿಲ್ಲ. ನೆಲದಡಿಯ ಹೊಸ ಇಂಗಾಲ ಮೇಲಕ್ಕೆ ಬರುವುದಿಲ್ಲ ಅನ್ನುವುದಷ್ಟೇ ವಾದ. ಟ್ಯಾಂಕಿನ ಕಡೆಯವರ ದೊಡ್ಡ ಅಸ್ತ್ರ ಇದೇ. ತೂಕದಲ್ಲಿ ಪೆಟ್ರೋಲಿನ ಲಾಭವೂ ಉಳಿಯಿತು, ಬೈಗುಳವೂ ತಪ್ಪಿತು. ಬೆಲೆ ಮಾತ್ರ ಸದ್ಯಕ್ಕೆ ರೇಸ್ ತಂಡಗಳಿಗೇ ಕೈ ಸುಡುವಂಥದ್ದು, ಪೆಟ್ರೋಲ್ ಬಂಕಿಗೆ ಬರುವ ಮಾತು ದೂರ.

ಎಫ್1 ಪೂರ್ತಿ ಎಲೆಕ್ಟ್ರಿಕ್ ಆಗುವುದು ಯಾವಾಗ?

ಸದ್ಯಕ್ಕಿಲ್ಲ. ಅಂತರರಾಷ್ಟ್ರೀಯ ಮೋಟಾರು ಒಕ್ಕೂಟ ಎಫ್‌ಐಎ ಪೂರ್ತಿ ಎಲೆಕ್ಟ್ರಿಕ್ ಫಾರ್ಮುಲಾ ರೇಸಿಂಗಿನ ಹಕ್ಕನ್ನು ಫಾರ್ಮುಲಾ ಇಗೆ ಇನ್ನೂ ಬಹಳ ವರ್ಷಗಳವರೆಗೆ ಬರೆದುಕೊಟ್ಟಿದೆ. ಬೇಕೆಂದರೂ ಎಫ್1 ಅಲ್ಲಿಯವರೆಗೆ ಆ ಕಡೆ ಹೋಗುವಂತಿಲ್ಲ. ಹೋಗುವ ಮನಸ್ಸೂ ಕಾಣುವುದಿಲ್ಲ. ಬದಲಿಗೆ 2025ರಲ್ಲಿ ಎಫ್‌ಐಎ ಅಧ್ಯಕ್ಷ ಮೊಹಮ್ಮದ್ ಬೆನ್ ಸುಲಾಯೆಮ್ ಅವರೇ ಸುಸ್ಥಿರ ಇಂಧನದ ವಿ10, ಆಮೇಲೆ ವಿ8 ಎಂಜಿನ್ ವಾಪಸ್ ತರುವ ಮಾತೆತ್ತಿದರು. ಹತ್ತು ವರ್ಷದ ಹಿಂದೆ ಈ ಮಾತಾಡಿದ್ದರೆ ಕಾಲ ತಿಳಿಯದವರು ಅನ್ನುತ್ತಿದ್ದರು.

ಬೈಕ್, ರ‍್ಯಾಲಿ, ಲೆ ಮಾನ್ಸ್ ಇವೆಲ್ಲ?

ಎಲೆಕ್ಟ್ರಿಕ್ ಕಡೆಯವರಿಗೆ ಇಲ್ಲಿ ಪೆಟ್ಟು ಬಿದ್ದದ್ದೇ ಹೆಚ್ಚು. ಎಲೆಕ್ಟ್ರಿಕ್ ಬೈಕುಗಳ ಸರಣಿ ಮೋಟೊಇ ಶುರುವಾಗುವ ಮೊದಲೇ, 2019ರ ಮಾರ್ಚಿನಲ್ಲಿ, ಸ್ಪೇನಿನ ಹೆರೆಜ್‌ನಲ್ಲಿ ರಾತ್ರಿ ಬೆಂಕಿ ಬಿದ್ದು ಬೈಕುಗಳೆಲ್ಲ ಸುಟ್ಟುಹೋದವು. ಮತ್ತೆ ಕಟ್ಟಿ, ಓಡಿಸಿ, ಡುಕಾಟಿಯನ್ನು ಕರೆತಂದು, 2023ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಪಟ್ಟ ಕಟ್ಟಿದರೂ ನೋಡುಗರು ಬರಲಿಲ್ಲ. 2025ರ ಬಳಿಕ ನಿಲ್ಲಿಸಿದ್ದಾರೆ. ಬೈಕಿಗೆ ಬ್ಯಾಟರಿಯ ಭಾರ ಕಾರಿಗಿಂತ ದೊಡ್ಡ ಶತ್ರು: ಬೈಕನ್ನು ತಿರುವಿನಲ್ಲಿ ಮೈಬಗ್ಗಿಸಿ ಮಲಗಿಸಬೇಕು, ಎತ್ತಬೇಕು.

ವಿಶ್ವ ರ‍್ಯಾಲಿಯಲ್ಲಿ 2022ಕ್ಕೆ ಹೈಬ್ರಿಡ್ ತಂದರು, 2025ಕ್ಕೆ ತೆಗೆದರು. ಖರ್ಚು ವಿಪರೀತ. ಜೊತೆಗೆ ಸುರಕ್ಷತಾ ದೀಪ ಕೆಂಪಾದರೆ ಚೆನ್ನಾಗಿ ಓಡುತ್ತಿದ್ದ ಕಾರನ್ನೂ ನಿಲ್ಲಿಸಬೇಕಾದ ಪರಿಸ್ಥಿತಿ.

ಲೆ ಮಾನ್ಸ್ 24 ಗಂಟೆಯ ಓಟ. ಬ್ಯಾಟರಿ ಮಾತ್ರ ನಂಬಿ ಅಲ್ಲಿ ಗೆಲ್ಲುವುದು ಈಗಿನ ಲೆಕ್ಕದಲ್ಲಿ ಆಗದ ಮಾತು. ಹೈಬ್ರಿಡ್ ಮಾತ್ರ ಅಲ್ಲಿ ಸಲೀಸಾಗಿ ಒಗ್ಗಿತು, ಆಡಿ 2012ರಲ್ಲೇ ಮೊದಲ ಹೈಬ್ರಿಡ್ ಗೆಲುವು ಪಡೆಯಿತು.

ಬೆಂಕಿ, ಶಾಕ್ ಹೊಡೆಯುವುದು?

ಅಪಾಯ ನಿಜ, ಬೇರೆ ಥರದ್ದು. ಪೆಟ್ರೋಲ್ ಬೆಂಕಿ ಭಗ್ಗನೆ ಹತ್ತುತ್ತದೆ, ಆರಿಸಿದರೆ ಆರುತ್ತದೆ. ಲಿಥಿಯಂ ಬ್ಯಾಟರಿಯ ಒಂದು ಸೆಲ್ ಕೆಟ್ಟು ಬಿಸಿಯಾದರೆ ಪಕ್ಕದ್ದಕ್ಕೆ, ಅದರಿಂದ ಮುಂದಿನದಕ್ಕೆ ಹರಡುತ್ತದೆ, ಆರಿತು ಅಂದುಕೊಂಡ ಮೇಲೂ ಮತ್ತೆ ಹತ್ತಬಹುದು.

ಶಾಕ್ ವಿಷಯ: 2008ರಲ್ಲಿ ಕರ್ಸ್ ಪರೀಕ್ಷೆ ನಡೆಯುವಾಗ ಪಿಟ್‌ಗೆ ಬಂದ ಕಾರನ್ನು ಮುಟ್ಟಿದ ಎಫ್1 ಮೆಕ್ಯಾನಿಕ್ ಒಬ್ಬ ಶಾಕ್ ಹೊಡೆದು ಬಿದ್ದ. ಪುಣ್ಯಕ್ಕೆ ಉಳಿದ. ಅಂದಿನಿಂದ ಕಾರಿನ ಮೇಲೆ ದೀಪ ಇರುತ್ತದೆ. ಹಸಿರಿದ್ದರೆ ಮುಟ್ಟಬಹುದು, ಕೆಂಪಿದ್ದರೆ ಟ್ರ್ಯಾಕ್ ಕಾಯುವ ಮಾರ್ಷಲ್‌ಗಳು ದೂರ. ಡ್ರೈವರ್ ಕೂಡ ಒಂದು ಕಾಲು ನೆಲಕ್ಕೆ, ಒಂದು ಕೈ ಕಾರಿಗೆ ಅಂತ ಇಳಿಯುವ ಹಾಗಿಲ್ಲ, ಮೇಲಿಂದ ಪೂರ್ತಿ ನೆಗೆಯಬೇಕು. ಮುಂದಿನ ಸಲ ಟಿವಿಯಲ್ಲಿ ಯಾರಾದರೂ ಕಾರಿನ ಮೇಲೆ ನಿಂತು ಹಾರಿದರೆ ಅದು ಶೋಕಿ ಅಲ್ಲ.

ಎಲೆಕ್ಟ್ರಿಕ್ ರೇಸಿಂಗಿನಿಂದ ಪರಿಸರ ಉಳಿಯುತ್ತದೆಯೇ?

ಎಫ್1 ತನ್ನ ಲೆಕ್ಕವನ್ನು 2019ರಲ್ಲಿ ಬಹಿರಂಗ ಮಾಡಿತು. ಒಂದು ವರ್ಷಕ್ಕೆ 2,56,551 ಟನ್ ಇಂಗಾಲದ ಡೈಆಕ್ಸೈಡ್. ಅದರಲ್ಲಿ ಟ್ರ್ಯಾಕಿನಲ್ಲಿ ಓಡುವ ಕಾರುಗಳ ಪಾಲು ನೂರಕ್ಕೆ 0.7. ಉಳಿದದ್ದೆಲ್ಲ ಸಾಮಾನು ಸಾಗಿಸುವ ವಿಮಾನ, ಹಡಗು, ಲಾರಿ, ಜನರ ಓಡಾಟ, ಕಾರ್ಖಾನೆ. ಸಾಗಾಟವೊಂದೇ ನೂರಕ್ಕೆ 45. ಫಾರ್ಮುಲಾ ಇ ಕೂಡ ಖಂಡದಿಂದ ಖಂಡಕ್ಕೆ ಹಾರುವ ಸರ್ಕಸ್ಸೇ. ಇನ್ನೇನು ಹೇಳಲಿ?

ರೇಸಿನಿಂದ ನನ್ನ ಕಾರಿಗೇನು ಉಪಯೋಗ?

ಕಂಪನಿಗಳ ಜಾಹೀರಾತು ಹೇಳುವಷ್ಟಿಲ್ಲ, ಆದರೆ ಇದೆ. ಜಾಗ್ವಾರ್ ತನ್ನ ರೇಸ್ ಕಾರಿನಲ್ಲಿ ಕಲಿತದ್ದನ್ನು ಬಳಸಿ 2019ರಲ್ಲಿ ಐ-ಪೇಸ್ ಎಂಬ ತನ್ನ ಎಲೆಕ್ಟ್ರಿಕ್ ಕಾರಿನ ಮಾಲೀಕರಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟಿತು, ಒಂದು ಚಾರ್ಜಿಗೆ ಓಡುವ ದೂರ ಸುಮಾರು 20 ಕಿ.ಮೀ. ಹೆಚ್ಚಿತು. ಒಂದು ಬೋಲ್ಟ್ ಬದಲಾಯಿಸಲಿಲ್ಲ. ಎಲೆಕ್ಟ್ರಿಕ್ ರೇಸಿಂಗ್ ನಿಜಕ್ಕೂ ಕಲಿಸುವುದು ಇಂಥದ್ದನ್ನೇ, ಇರುವ ಚಾರ್ಜನ್ನು ಪೋಲು ಮಾಡದೆ ಬಳಸುವುದನ್ನು.

ಇಷ್ಟಾದರೂ ಎಲ್ಲ ಕಂಪನಿಗಳೂ ಉಳಿದುಕೊಳ್ಳಲಿಲ್ಲ. ಆಡಿ, ಬಿಎಂಡಬ್ಲ್ಯು 2021ರಲ್ಲಿ ಫಾರ್ಮುಲಾ ಇ ಬಿಟ್ಟವು. ಮರ್ಸಿಡಿಸ್ ಸತತ ಎರಡು ಪ್ರಶಸ್ತಿ ಗೆದ್ದು 2022ರಲ್ಲಿ ಹೋಯಿತು. ಕಲಿಯಬೇಕಾದ್ದು ಕಲಿತಾಯಿತು, ಟಿವಿಯಲ್ಲಿ ಎಫ್1ರಷ್ಟು ಜನ ನೋಡುತ್ತಿಲ್ಲ. ಇಂಜಿನಿಯರ್‌ಗಳ ಲೆಕ್ಕ ಒಂದಾದರೆ ಮಾರ್ಕೆಟಿಂಗ್‌ನವರ ಲೆಕ್ಕ ಇನ್ನೊಂದು.

ನಮ್ಮ ಕರ್ನಾಟಕಕ್ಕೆ ಇದರಲ್ಲಿ ಏನಾದರೂ ಪಾಲಿದೆಯೇ?

ಜನ ಮರೆತಷ್ಟು ಕಡಿಮೆಯೇನಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿ ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು ತಂದಾಗ ಬೆಂಕಿಪೊಟ್ಟಣ ಅಂತ ನಕ್ಕವರೇ ಹೆಚ್ಚು. ಲಂಡನ್ನಿನಲ್ಲಿ ಅದು ಜಿ-ವಿಜ್ ಹೆಸರಲ್ಲಿ ಓಡಿತು. 2010ರಲ್ಲಿ ಮಹೀಂದ್ರ ಅದರ ಹೆಚ್ಚಿನ ಪಾಲು ಕೊಂಡುಕೊಂಡಿತು. ನಾಲ್ಕು ವರ್ಷದ ಮೇಲೆ ಫಾರ್ಮುಲಾ ಇ ಶುರುವಾದಾಗ ಹತ್ತು ತಂಡಗಳಲ್ಲಿ ಒಂದು ಮಹೀಂದ್ರ. ಚೆನ್ನೈನ ಕರುಣ್ ಚಾಂಧೋಕ್ ಮೊದಲ ಸೀಸನ್ ಓಡಿಸಿದರು. 2017ರ ಜೂನ್‌ನಲ್ಲಿ ಬರ್ಲಿನ್‌ನಲ್ಲಿ ಸ್ವೀಡನ್ನಿನ ಫೆಲಿಕ್ಸ್ ರೋಸೆಂಕ್ವಿಸ್ಟ್ ತಂಡಕ್ಕೆ ಮೊದಲ ಗೆಲುವು ತಂದರು. ಅದೇ ಮೈನಿ ಕುಟುಂಬದ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 (ಎಫ್1ರ ಕೆಳಗಿನ ಮೆಟ್ಟಿಲು) ಸ್ಪ್ರಿಂಟ್ ರೇಸ್ ಗೆದ್ದರು. ಅದು ಪೆಟ್ರೋಲ್ ಕಾರು, ಒಂದೇ ಮನೆಯಲ್ಲಿ ಎರಡೂ ಕಡೆಯವರು!

ಹೈದರಾಬಾದಿನ ರೇಸ್ ಮಾತ್ರ ಒಂದೇ ವರ್ಷಕ್ಕೆ ಮುಗಿಯಿತು. 2024ರದ್ದು ಸರ್ಕಾರ ಬದಲಾದ ಬೆನ್ನಿಗೇ ರದ್ದಾಯಿತು.

ಮಗನಿಗೆ ರೇಸರ್ ಆಗುವಾಸೆ. ಯಾವ ಕಾರ್ಟ್ (ಪುಟ್ಟ ರೇಸ್ ಗಾಡಿ) ಕಲಿಸಲಿ?

ಹತ್ತಿರ ಯಾವುದು ಸಿಗುತ್ತದೋ ಅದು. ಸ್ಟೀರಿಂಗಿಗೆ, ತಿರುವಿಗೆ, ಹೆದರಿಕೆಗೆ ಪೆಟ್ರೋಲ್ ಎಲೆಕ್ಟ್ರಿಕ್ ಭೇದವಿಲ್ಲ. ಮಗಳಿಗೂ ಆಸೆಯಿದೆಯೇ ಅಂತ ಒಂದು ಸಲ ಕೇಳಿ.

ಜೀವನದಲ್ಲಿ ಒಂದು ಸಲ ಫಾರ್ಮುಲಾ ಇ ನೋಡಬೇಕು. ಏನು ನೆನಪಿಡಲಿ?

ಟಿಕೆಟ್ ತೆಗೆಯುವಾಗ ವೇಗದ ನೇರ ರಸ್ತೆಯ ಪಕ್ಕದ ಸೀಟಿಗೆ ಆಸೆಪಡಬೇಡಿ, ಕಾರುಗಳು ಸುಂಯ್ ಅಂತ ಹೋಗುವುದು ಬಿಟ್ಟು ಬೇರೇನೂ ಕಾಣುವುದಿಲ್ಲ. ದೊಡ್ಡ ಬ್ರೇಕ್ ಬೀಳುವ ತಿರುವು ಹುಡುಕಿ, ಅಲ್ಲಿಂದ ಪರದೆ ಕಾಣಬೇಕು. ಮೊದಲರ್ಧದಲ್ಲಿ ಯಾರು ಮುಂದೆ ಅಂತ ತಲೆಕೆಡಿಸಿಕೊಳ್ಳದೆ ಯಾರ ಹತ್ತಿರ ಎಷ್ಟು ಚಾರ್ಜ್ ಉಳಿದಿದೆ ಅಂತ ಬರೆದುಕೊಳ್ಳಿ. ಕೊನೆಯ ಐದು ಲ್ಯಾಪ್ ಇರುವಾಗ ಆ ಚೀಟಿ ತೆಗೆದು ನೋಡಿ. ಆಗ ಏಳನೇ ಸ್ಥಾನದಲ್ಲಿ ತೆಪ್ಪಗಿದ್ದವನು ಯಾಕೆ ತೆಪ್ಪಗಿದ್ದ ಅಂತ ನಿಮಗೆ ಪಕ್ಕದವರಿಗಿಂತ ಮೊದಲೇ ಗೊತ್ತಿರುತ್ತದೆ.